ಹುಲುಗಮ್ಮನ ಕೈಬಲ

ಇದು ನಡೆದದ್ದೇ. ಸುಳ್ಳಾಗಿದ್ದರೆ ನಾಳೆಯಿಂದ ನಾನು ಮಂಡಕ್ಕಿ-ಮಿರ್ಚಿ ಮುಟ್ಟುವುದಿಲ್ಲ.

ಕೊಟ್ಟೂರಿನ ಒಂದು ಸಣ್ಣ ಆಸ್ಪತ್ರೆ. ಹುಲುಗಮ್ಮನ ಕುತ್ತಿಗೆಯ ಗಡ್ಡೆ ತೆಗೆದು ಎರಡು ತಾಸಾಗಿತ್ತು. ಅರಿವಳಿಕೆ ಡಾಕ್ಟರು ಭೀಮರಾಜ ಇನ್ನೂ ಆಕೆಯ ಮಂಚದ ಪಕ್ಕದಲ್ಲೇ ಇದ್ದರು.

"ಯವ್ವಾ, ನನ್ನ ಕೈ ಗಟ್ಟಿ ಹಿಡಿ ನೋಡಾಣ."

ಆಕೆಯ ಬೆರಳುಗಳು ಹಸಿ ಬತ್ತಿಯಂತೆ ಅವರ ಅಂಗೈಯಲ್ಲಿ ಬಿದ್ದುಕೊಂಡವು. "ಬಲಾನ ಬರವಲ್ದಪ್ಪ."

ಆಪರೇಷನ್‌ಗೆಂದು ಮೈಯ ಸ್ನಾಯುಗಳನ್ನೆಲ್ಲ ಸಡಿಲಿಸುವ ಔಷಧಿ ಕೊಡುತ್ತಾರೆ. ಮುಗಿದ ಮೇಲೆ ಅದನ್ನು ಇಳಿಸಲು ಇನ್ನೊಂದು ಇಂಜೆಕ್ಷನ್. ಪೂರ್ತಿ ಇಳಿಯದಿದ್ದರೆ ಉಸಿರೇ ಸೋತು ನಿಲ್ಲಬಹುದು. ಭೀಮರಾಜ ಆಕೆಯ ಮಣಿಕಟ್ಟಿಗೆ ಪುಟ್ಟ ಯಂತ್ರ ಹಚ್ಚಿ, ಹೆಬ್ಬೆರಳು ಕುಣಿಯುವುದನ್ನು ಎಣಿಸಿ, ಹಾಳೆಯಲ್ಲಿ ಏನೋ ಬರೆದು ಮಂಚಕ್ಕೆ ಸಿಕ್ಕಿಸಿದ್ದರು. ಆಮೇಲೆ ಸ್ಟೂಲ್ ಎಳೆದು ಕೂತವರು ಕೂತೇ ಇದ್ದರು.

ಹುಲುಗಮ್ಮ ಸಂತೆಯಿಂದ ಸಂತೆಗೆ ತಿರುಗಿ ಬಳೆ ತೊಡಿಸುವವಳು. ಆಸ್ಪತ್ರೆಗೆ ಜೊತೆಯಾಗಿ ಬಂದದ್ದು ಮಂಚದ ಕೆಳಗಿನ ಬಳೆಯ ಗಂಟು ಮಾತ್ರ. ಭೀಮರಾಜರೂ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ಬೈಕಿನಲ್ಲಿ ಸುತ್ತುವವರು. ಅವರು ಬಂದರೆ ರೋಗಿ ನಿದ್ದೆಹೋಗುತ್ತಾನೆ. ಎದ್ದವನು ಕೇಳುವುದು ಕೊಯ್ದ ಡಾಕ್ಟರನ್ನು.

"ನೀವು ಹೋಗ್ರಿ, ಯಾರರ ಕಾಯ್ತಿರ್ತಾರ," ಎಂದಳು ಹುಲುಗಮ್ಮ. ಕೈ ಮಾತ್ರ ತೆಗೆಯಲಿಲ್ಲ.

"ಬೈಕ್ ಕಾಯ್ತೈತಿ. ಅದು ಬೈಯಂಗಿಲ್ಲ."

ಮೂರು ಗಂಟೆಗೆ ಅವರು ಚಹಾ ಕುಡಿದು ಬಂದಾಗ ಸಿಸ್ಟರ್ ಶಾಂತಕುಮಾರಿ ಬಾಗಿಲಲ್ಲೇ ತಡೆದು ಮುಂಗೈ ಚಾಚಿದಳು. ಆರು ಹಸಿರು ಬಳೆ.

"ಸರ್, ಆಕಿ ಮಾತು ನಂಬಬ್ಯಾಡ್ರಿ. ನೀವು ಅತ್ತ ಹೋದ್ರಿ, ಇತ್ತ ನನ್ನ ಕೈ ಹಿಂಡಿ ಹಿಂಡಿ ಇವನ್ನ ತೊಡಿಸ್ಯಾಳ. ಇನ್ನೂ ಉರೀತೈತಿ. ಬರೇ ನಾಟಕ."

"ಹೌದಾ? ಇನ್ನೊಂದು ತಾಸು ನೋಡಾಣ ತಡಿ," ಎಂದು ಭೀಮರಾಜ ಮತ್ತೆ ಸ್ಟೂಲಿನ ಮೇಲೆ ಕೂತು ಕೈ ಚಾಚಿದರು.

ಈ ನಾಟಕವನ್ನು ಬರೆದೇ ಇಡುತ್ತೇನೆಂದು ಶಾಂತಕುಮಾರಿ ಮಂಚಕ್ಕೆ ಸಿಕ್ಕಿಸಿದ್ದ ಹಾಳೆ ತೆಗೆದಳು. ಅದರಲ್ಲಿ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೇ ಡಾಕ್ಟರು ತಮ್ಮ ಕೈಯಾರೆ ಬರೆದಿದ್ದರು: "ಔಷಧಿ ಪೂರ್ತಿ ಇಳಿದಿದೆ. ಕೈ ಹಿಡಿತ ಗಟ್ಟಿ. ಇನ್ನು ನಾನು ಇರಬೇಕಾದ ಅಗತ್ಯವಿಲ್ಲ."

ನಂಬಿಕೆ ಬರಲಿಲ್ಲವೇ? ಎಲ್ಲಿ, ನಿಮ್ಮ ಕೈ ಕೊಡಿ. ಗಟ್ಟಿಯಾಗಿ ಮಾತ್ರ ಹಿಡಿಯಬೇಡಿ; ನನಗೂ ಹೋಗುವ ಆತುರವೇನಿಲ್ಲ.