ಬಾಗಿಲಾಚೆಯ ಚಪ್ಪಲಿ

“ಗಡಗಡ ಅಂತ ಒಪ್ಪಿಸ್ತೀಯ, ಮತ್ತೆ ಮೊದಲ್ನೇ ಸಲ ಯಾಕಮ್ಮ ಫೇಲಾದೆ?” ಹಾಲಿನ ಕ್ಯಾನು ಎತ್ತಿಕೊಳ್ಳುತ್ತ ಮುನಿನಾರಾಯಣಮ್ಮ ಸೊಸೆಯನ್ನು ಕೇಳಿದಳು.

ಯಶೋದ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯ ಪುಸ್ತಕದಿಂದ ತಲೆಯೆತ್ತಲಿಲ್ಲ. ನಾಳೆ ರಾಬರ್ಟ್‌ಸನ್‌ಪೇಟೆಯಲ್ಲಿ ಮತ್ತೆ ಅದೇ ಪರೀಕ್ಷೆ. ಈ ಸಲವೂ ಫೇಲಾದರೆ ಸರ್ಟಿಫಿಕೇಟಿನ ಆಸೆ ಬಿಡಬೇಕು. “ಧೂಳಾಗುತ್ತೆ ಅಂತ ಕಂಪ್ಯೂಟರ್ ರೂಮಿನೊಳಕ್ಕೆ ಚಪ್ಪಲಿ ಬಿಡಲ್ಲ ಅತ್ತೆ. ನನ್ನ ಹೊಸ ಚಪ್ಪಲಿ ಯಾರಾದ್ರೂ ಮೆಟ್ಕೊಂಡು ಹೋದ್ರೆ ಅಂತ ಕಣ್ಣೆಲ್ಲ ಬಾಗಿಲ ಕಡೆಗೇ ಇತ್ತು.”

ಅತ್ತೆ ನಗಲಿಲ್ಲ. ತನ್ನ ಸವೆದ, ಪಿನ್ನು ಚುಚ್ಚಿದ ಹವಾಯಿ ಚಪ್ಪಲಿ ಕಳಚಿ, ಕಾಲಲ್ಲೇ ಸೊಸೆಯ ಕಡೆ ತಳ್ಳಿದಳು. “ನಾಳೆ ಇವನ್ನ ಆಕ್ಕೊಂಡೋಗು. ಬೀದೀಲಿ ಬಿಟ್ರೂ ನಾಯಿ ಮೂಸಲ್ಲ.”

ಆಮೇಲೆ ಹೊಸ್ತಿಲ ಬಳಿಯಿದ್ದ ಸೊಸೆಯ ಹೊಸ ಚಪ್ಪಲಿ ಮೆಟ್ಟಿಕೊಂಡು, ಟಪಟಪ ಸದ್ದು ಮಾಡುತ್ತ ಡೈರಿಗೆ ಹೊರಟೇಬಿಟ್ಟಳು. ಯಶೋದ ನಕ್ಕು, ಬಾಗಿಲಿಗೆ ಬೆನ್ನು ಮಾಡಿ ಕೂತು ಪುಟ ತಿರುವಿದಳು.