ಎರಡನೆಯ ಲೋಟ

ಪತ್ರಿಕೆಯವರು ಕವಿತೆಯ ಕೆಳಗೆ ಕವಿಯ ಫೋನ್ ನಂಬರು ಹಾಕಿದ್ದರು. ಚಳ್ಳಕೆರೆಯ ಓದುಗಿಯೊಬ್ಬಳು ಮಾತ್ರ ದಿನಾ ಸಂಜೆ ಫೋನ್ ಮಾಡಿ ಅರ್ಥಕ್ಕಾಗಿ ಬೆನ್ನುಹತ್ತಿದ್ದಳು. ಕವಿಯ ಫೋನು ದಿನಕ್ಕೆ ರಿಂಗಾಗುತ್ತಿದ್ದುದೂ ಅದೊಂದೇ ಸಲ.

"ಒಬ್ಬನೇ ಇರೋ ಮನುಷ್ಯ ಎರಡು ಲೋಟಕ್ಕೆ ಕಾಫಿ ಯಾಕೆ ಸಾರ್ ಬಗ್ಗಿಸ್ತಾನೆ? ಎರಡನೇದು ದೇವರಿಗಾ?"

"ದೇವರು ಕಾಫಿ ಬಿಟ್ಟು ಬಹಳ ದಿನ ಆಯ್ತಮ್ಮ."

"ತೀರಿಹೋದ ಹೆಂಡತಿಗೆ?"

"ಊಹೂಂ."

ಮರುದಿನ ಕವಿ ಫೋನ್ ಎತ್ತುತ್ತಲೇ ಅವಳು ಕೂಗಿದಳು. "ಸಿಕ್ತು ಸಾರ್! ಯಾರಿಗೂ ಅಲ್ಲ. ಒಂದೇ ಲೋಟ ತೊಳೆದಿಡೋಕೆ ಅವನಿಗೆ ಸಂಕಟ, ಅಷ್ಟೇ. ಸರಿ ಅಂದ್ಬಿಡಿ, ಇನ್ನು ನಿಮಗೆ ಕಾಟ ಕೊಡಲ್ಲ."

ಬರೆಯುವಾಗ ಕವಿಯ ಮನಸ್ಸಿನಲ್ಲಿದ್ದುದು ಅದೇ.

"ತಪ್ಪು ಕಣಮ್ಮ," ಎಂದರು. "ಇನ್ನೊಂದ್ಸಲ ಓದಿ, ನಾಳೆ ಫೋನ್ ಮಾಡು."