ಹೆಸರು ಹೇಳಬಾರದ ಮನೆ

ಇವತ್ತು ಆ ಮೂವರನ್ನೂ ಸಂಘದಿಂದ ಕಿತ್ತುಹಾಕುವುದೇ ಸೈ ಎಂದುಕೊಂಡು ಅಧ್ಯಕ್ಷೆ ಕುರ್ಚಿಗಳನ್ನು ಎತ್ತಿ ಎತ್ತಿ ಕುಕ್ಕುತ್ತಿದ್ದರು. ಕುಕ್ಕಲು ಬೇರೆ ಯಾರೂ ಇರಲಿಲ್ಲ. ಕಣ್ಣಿನ ತಪಾಸಣೆಗೆ ಬಂದ ಮುದುಕ ಮುದುಕಿಯರು ಬಾಗಿಲಾಚೆ ಬಿಸಿಲಲ್ಲಿ ನಿಂತಿದ್ದರು. ಡಾಕ್ಟರು ಆಗಲೇ ಗಡಿಯಾರ ನೋಡಿಕೊಳ್ಳಲು ಶುರುಮಾಡಿದ್ದರು. ಸಾಲು ನೋಡಿಕೊಳ್ಳಬೇಕಾದ ಬಸ್ ಡ್ರೈವರ್ ಇಲ್ಲ. ಚೀಟಿ ಬರೆಯಬೇಕಾದ ಟೈಲರಮ್ಮ ಇಲ್ಲ. ಕೈ ಹಿಡಿದು ಒಳಗೆ ಕರೆತರಬೇಕಾದ ಕ್ಷೌರದಂಗಡಿಯವನೂ ನಾಪತ್ತೆ.

ಇದ್ದವರು ಕಾರ್ಯದರ್ಶಿ ಒಬ್ಬರೇ. ಔಷಧಿ ಅಂಗಡಿ ಇಟ್ಟುಕೊಂಡವರು, ಮಾತು ಕಡಿಮೆ. ಅವರೂ ಫೋನಿನ ಮೇಜು ಬಿಟ್ಟು ಕದಲದೆ, ಕಾವಿಗೆ ಕೂತ ಕೋಳಿಯ ಹಾಗೆ ಕೂತಿದ್ದರು.

“ಎಲ್ಲಿ ನಿಮ್ಮ ಸೈನ್ಯ?”

“ಮನೆ ಸೇವೆಗೆ ಹೋಗಿದ್ದಾರೆ, ಮೇಡಂ.”

“ಯಾರ ಮನೆಗೆ?”

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿಕೊಂಡರು. “ಹೆಸರು ಹೇಳೋ ಹಾಗಿಲ್ವಲ್ಲ.”

ಹೇಳುವ ಹಾಗಿರಲಿಲ್ಲ, ನಿಜ. ಆ ನಿಯಮ ಮಾಡಿದವರು ಅಧ್ಯಕ್ಷೆಯೇ. ಕಷ್ಟದಲ್ಲಿರುವ ಯಾವ ಮನೆಯವರೂ ಸಂಘಕ್ಕೆ ಫೋನ್ ಮಾಡಬಹುದು. ಸಂಘದವರು ಹೋಗಿ ಕೈಲಾದದ್ದು ಮಾಡಿಕೊಟ್ಟು, ನಾಲ್ಕು ಮಾತಾಡಿ ಬರುತ್ತಾರೆ. ಆದರೆ ಕೇಳುವುದಕ್ಕೆ ಜನಕ್ಕೆ ನಾಚಿಕೆ. ಅದಕ್ಕೇ ಆ ಮನೆ ಯಾವುದೆಂದು ಫೋನ್ ಎತ್ತಿದವರಿಗೆ, ಹೋಗಿಬಂದವರಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಾಗಕೂಡದು, ಅಧ್ಯಕ್ಷರಿಗೂ. ಸೇರುವ ದಿನವೇ ಎಲ್ಲರ ಕೈಲೂ ಪ್ರಮಾಣ ಮಾಡಿಸುತ್ತಿದ್ದರು. ಈಗ ಸೋಮಾರಿಗಳು ಆ ಪ್ರಮಾಣದ ಹಿಂದೆಯೇ ಅಡಗಿ ಕೂತಿದ್ದಾರೆಂದು ಅವರ ಹೊಟ್ಟೆ ಉರಿಯುತ್ತಿತ್ತು.

ನೆಪವಲ್ಲದೆ ಇನ್ನೇನು? ಮೊದಲು ಸಂಘದ ಕೆಲಸ ಭಾನುವಾರ ಇತ್ತು. ಮೂವರಿಗೂ ಭಾನುವಾರವೇ ಮನೆ ಸೇವೆ. ಸರಿ, ಶನಿವಾರಕ್ಕೆ ಹಾಕಿದರು. ಸೇವೆಯೂ ಎದ್ದು ಶನಿವಾರಕ್ಕೆ ಬಂತು. ಬೆಳಿಗ್ಗೆಯ ಸಭೆಯನ್ನು ಸಂಜೆಗೆ ತಳ್ಳಿದರೆ ಆ ಮನೆಯವರಿಗೂ ಸಂಜೆಯೇ ಕಷ್ಟ. ಇಷ್ಟು ಶಿಸ್ತಿನ ಕಷ್ಟವನ್ನು ಅವರು ಜನ್ಮದಲ್ಲೇ ಕಂಡಿರಲಿಲ್ಲ.

ಹುರಿದುಂಬಿಸಲು ಅವರು ಮಾಡದ ಕಸರತ್ತಿಲ್ಲ. ಎದೆಗೆ ಬಿಲ್ಲೆ ಹಚ್ಚಿದರು. ಗೋಡೆಗೆ ಫೋಟೋ ಹಾಕಿಸಿದರು. ನಾಯಕತ್ವದ ಬಗ್ಗೆ ಪುಸ್ತಕ ತಂದು ಗಟ್ಟಿಯಾಗಿ ಓದಿ, ಎಲ್ಲರಿಗೂ ಆಕಳಿಕೆ ತರಿಸಿದರು. ಕಳೆದ ಸಭೆಯಲ್ಲಂತೂ ತಾಳ್ಮೆ ಕೆಟ್ಟು ಮನೆಯ ವಿಷಯವನ್ನೇ ಎತ್ತಿದ್ದರು.

“ನಮ್ಮ ಯಜಮಾನರಿಗೂ ಕಾಲಿನ ತೊಂದರೆ ಇದೆ. ಹಾಗಂತ ನಾನು ಒಂದು ದಿನ ತಪ್ಪಿಸಿದ್ದೀನಾ? ‘ಹೊರಡು ಹೊರಡು, ಹೊತ್ತಾಯ್ತು’ ಅಂತ ಅವರೇ ನನ್ನ ತಳ್ತಾರೆ. ಮನೇಲಿ ಹಾಗೆ ಒಪ್ಪಿಸ್ಕೊಂಡು ಬರೋದು ಕಲೀರಿ.”

ಟೈಲರಮ್ಮ ನೆಲ ನೋಡಿದ್ದಳು. ಡ್ರೈವರ್‌ಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದಿತ್ತು. ಮಾತು ನಾಟಿತು ಎಂದುಕೊಂಡು ಅಧ್ಯಕ್ಷೆ ನೀರು ಕುಡಿದಿದ್ದರು.

ಆದರೆ ಮರುದಿನವೇ ಮಾರುಕಟ್ಟೆಯ ತಿರುವಿನಲ್ಲಿ ಮೂವರೂ ಒಟ್ಟಿಗೆ ಎದುರಾದರು. ಏನೋ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಇವರನ್ನು ಕಂಡದ್ದೇ ನಗು ನಿಂತುಹೋಯಿತು. ಆಗಲೇ ಅಧ್ಯಕ್ಷೆಗೆ ಎಲ್ಲ ಅರ್ಥವಾದ ಹಾಗಾಯಿತು. ಟೈಲರಮ್ಮ ಬೇರೆ ಸಂಘ ಕಟ್ಟುತ್ತಿದ್ದಾಳೆ. ತಮ್ಮ ಸಭೆಯಲ್ಲಿ ಯಾರೂ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಅದು ಅವರನ್ನು ತುಂಬ ನೋಯಿಸಿತು. ಈ ಸಂಘ ಅವರ ಉಸಿರು. ಆ ಮೂವರು ಕೈಬಿಟ್ಟರೆ ಉಳಿಯುವುದು ಬಾಗಿಲ ಮೇಲಿನ ಬೋರ್ಡು ಮಾತ್ರ.

ಡಾಕ್ಟರು ಪೆಟ್ಟಿಗೆ ಮುಚ್ಚಿದರು. “ಜನ ಸಿಕ್ಕಾಗ ಹೇಳಿ, ಇನ್ನೊಂದ್ಸಲ ನೋಡೋಣ,” ಎಂದು ಹೊರಟೇಬಿಟ್ಟರು. ಹೊರಗಿದ್ದವರು ಗೊಣಗುತ್ತಾ ಚದುರಿದರು. ಅಧ್ಯಕ್ಷೆಯ ಕಣ್ಣಲ್ಲಿ ನೀರು ಬಂತು. ಅದನ್ನು ಸಿಟ್ಟಿನಲ್ಲೇ ಒರೆಸಿಕೊಂಡರು.

“ಮೂವರ ಹೆಸರೂ ಹೊಡೆದುಹಾಕಿ.”

“ದುಡುಕಬೇಡಿ ಮೇಡಂ. ಅವರ ಹಾಗೆ ಕೆಲಸ ಮಾಡೋರು ಸಿಗಲ್ಲ.”

“ಏನು ಕೆಲಸ? ನನ್ನ ಕಣ್ಣಿಗೆ ಬೀಳಬೇಕಲ್ಲ.”

“ಕಣ್ಣಿಗೆ ಬೀಳೋ ಕೆಲಸ ಅಲ್ಲ ಅದು.”

“ಆ ಮನೇಲಿ ಹೆಂಡತಿ ಮಕ್ಕಳು ಯಾರೂ ಇಲ್ವೇನು, ಇವರೇ ಹೋಗಿ ಕೂರೋಕೆ?”

“ಇದ್ದಾರೆ. ಪಾಪ, ಅವರಿಗೆ ಬಿಡುವಿಲ್ಲ.”

“ಕಾಗಕ್ಕ ಗುಬ್ಬಕ್ಕನ ಕಥೆ ನನ್ನ ಹತ್ರ ಬೇಡ.” ಅಧ್ಯಕ್ಷೆ ಮೇಜು ಗುದ್ದಿದರು. “ಆ ಮನೆಗೆ ಫೋನ್ ಹಚ್ಚಿ. ಅವರ ಬಾಯಲ್ಲೇ ಕೇಳ್ತೀನಿ. ಅಂಥ ಮನೆ ಇದ್ದದ್ದು ನಿಜವಾದ್ರೆ ಮೂವರ ಹತ್ರನೂ ಕ್ಷಮೆ ಕೇಳ್ತೀನಿ. ಇಲ್ಲ ಅಂದ್ರೆ ಅವರ ಜೊತೆ ನೀವೂ ಹೊರಡಿ.”

ಕಾರ್ಯದರ್ಶಿ ಮನಸ್ಸಲ್ಲೇ ಲೆಕ್ಕ ಹಾಕಿದರು. ಮನೆಯವರೇ ಬಾಯಿ ಬಿಟ್ಟರೆ ತಾವು ಪ್ರಮಾಣ ಮುರಿದ ಹಾಗಾಗುವುದಿಲ್ಲ. ಅಧ್ಯಕ್ಷೆಗೆ ಕಾಣದಂತೆ ಮೈ ಅಡ್ಡ ಮಾಡಿಕೊಂಡು ನಂಬರ್ ಒತ್ತಿ, ರಿಸೀವರನ್ನು ಅವರ ಕೈಗೆ ಕೊಟ್ಟರು.

ಗಂಟೆ ಹೊಡೆಯಿತು. ಯಾರೋ ಎತ್ತಿಕೊಂಡರು. ಫೋನಿನ ಆಚೆಯಿಂದ ನಗು ಕೇಳಿಸಿತು, ಮಾರುಕಟ್ಟೆಯ ತಿರುವಿನಲ್ಲಿ ಕೇಳಿದ್ದ ಅದೇ ನಗು. “ಅಲ್ಲಾಡಬೇಡಿ, ಇನ್ನೊಂದು ಕೆನ್ನೆ ಬಾಕಿ ಇದೆ” ಎಂದು ಕ್ಷೌರದಂಗಡಿಯವನು ಯಾರಿಗೋ ಹೇಳುತ್ತಿದ್ದ. ಸಿಕ್ಕಿಬಿದ್ದರು ಕಳ್ಳರು ಎಂದು ಅಧ್ಯಕ್ಷೆ ಬಾಯಿ ತೆರೆದರು.

“ಹೇಳಿ ಸೆಕ್ರೆಟರಿಗಳೇ,” ಎಂದಿತು ಅವರ ಗಂಡನ ಧ್ವನಿ, “ಇವಳು ಅಲ್ಲಿಂದ ಹೊರಟಳಾ? ಇವರನ್ನೆಲ್ಲ ಕಳಿಸಿಬಿಡ್ಲಾ?”